ಮೇಜಿನ ವ್ಯಾಜ್ಯದ ಕಂತು

ದರ್ಜಿಗೆ ಬುದ್ಧಿ ಬಂದಿದ್ದು ತೀರ್ಪು ಬಂದ ಮೇಲೆ. ಅಪ್ಪ ಬಟ್ಟೆ ಕತ್ತರಿಸುತ್ತಿದ್ದ ಉದ್ದನೆಯ ಮೇಜನ್ನು ಅಕ್ಕನ ಗಂಡ ತನ್ನ ಬೈಂಡಿಂಗ್ ಅಂಗಡಿಗೆ ಹೊರಿಸಿಕೊಂಡು ಹೋಗಿದ್ದ. ವಾಪಸ್ ಕೊಡು ಎಂದರೆ ಕೊಡಲಿಲ್ಲ. ಕೇಳಿ ಕೇಳಿ ಸಾಕಾಗಿ ದರ್ಜಿ ಕೋರ್ಟಿನ ಮೆಟ್ಟಿಲು ಹತ್ತಿದ. ಎರಡು ಮನೆಗಳ ನಡುವೆ ಹೋಗಿ ಬರುವುದು ನಿಂತಿತು. ಎರಡು ವರ್ಷ ಅಲೆದ ಮೇಲೆ ಭಾವನ ವಕೀಲರು ಅಪ್ಪನ ಕೈಬರಹದ ಚೀಟಿಯೊಂದನ್ನು ಹಾಜರುಪಡಿಸಿದರು. ‘ಮೇಜು ಮಗಳಿಗೆ’ ಎಂದಿತ್ತು. ದಾವೆ ವಜಾ ಆಯಿತು. ಸಾಲದ್ದಕ್ಕೆ, ಆ ವಕೀಲರ ಶುಲ್ಕವನ್ನೂ ದರ್ಜಿಯೇ ಮೂವತ್ತು ದಿನದೊಳಗೆ ಕಟ್ಟಬೇಕೆಂದು ಆದೇಶವಾಯಿತು.

ಆ ಮೊತ್ತಕ್ಕೆ ಅಂಥ ಹನ್ನೊಂದು ಮೇಜು ಬರುತ್ತವೆ ಎಂದು ಹೆಂಡತಿ ಲೆಕ್ಕ ಹಾಕಿ ಹೇಳಿದಳು. ಸದ್ಯ, ಇಡಲು ಮನೆಯಲ್ಲಿ ಜಾಗವಿಲ್ಲ ಎಂದೂ ಸೇರಿಸಿದಳು. ದರ್ಜಿ ಅವತ್ತು ಗಿರಾಕಿಯೊಬ್ಬರ ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದಿಟ್ಟ.

ಕಂತಿನಲ್ಲಿ ಕಟ್ಟಲು ಅರ್ಜಿ ಹಾಕಿಕೊಳ್ಳಬಹುದು ಎಂದು ಕೋರ್ಟಿನ ಗುಮಾಸ್ತರು ದಾರಿ ತೋರಿಸಿದರು. ಇನ್ನೊಬ್ಬ ವಕೀಲರ ಮಾತೆತ್ತಿದರೆ ಹೆಂಡತಿ ಕತ್ತರಿ ಕೈಗೆತ್ತಿಕೊಳ್ಳುತ್ತಿದ್ದಳು. ಹಾಗಾಗಿ ಅರ್ಜಿಯನ್ನು ತಾನೇ ಬರೆದ.

ವಿಚಾರಣೆಯ ದಿನ ನ್ಯಾಯಾಧೀಶರು ಎದುರು ಪಕ್ಷದ ಅಭಿಪ್ರಾಯ ಕೇಳಿದರು. ಹಣ ಒಂದೇ ಗಂಟಾಗಿ ಬರಲಿ ಎನ್ನಲು ಭಾವ ಎದ್ದು ಬಾಯಿ ತೆರೆದ. ಪಕ್ಕದಲ್ಲಿದ್ದ ಅಕ್ಕ ಅವನ ಅಂಗಿಯ ತುದಿ ಹಿಡಿದು ಕೂರಿಸಿ, ತಾನು ಎದ್ದಳು.

“ವಕೀಲರಿಗೆ ಕೊಟ್ಟಿದ್ದು ನನ್ನ ದುಡ್ಡು ಸ್ವಾಮಿ, ಇವರ ಹತ್ರ ಎಲ್ಲಿತ್ತು? ಕಂತಿಗೆ ನನ್ನ ಒಪ್ಪಿಗೆ ಇದೆ. ಆದ್ರೆ ಬ್ಯಾಂಕಿಗೆ ಹಾಕೋದೆಲ್ಲ ಬೇಡ, ತಿಂಗಳಿಗೊಂದ್ಸಲ ಮನೆಗೇ ತಂದುಕೊಡ್ಲಿ. ಎರಡು ವರ್ಷದಿಂದ ನನ್ನ ತಮ್ಮನ ಮುಖ ನಾನು ಇಲ್ಲೇ ನೋಡ್ತಿದೀನಿ.”

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಹಣ ಹೇಗೆ ತಲುಪಿಸಬೇಕೆಂಬುದು ಮನೆಯವರಿಗೆ ಬಿಟ್ಟದ್ದು ಎಂದು ಹೇಳಿ, ಮೂವತ್ತಾರು ಕಂತುಗಳೆಂದು ಬರೆಸಿದರು.

ಮೊದಲ ಕಂತು ಹಿಡಿದು ದರ್ಜಿ ಹೋದಾಗ ಬಾಗಿಲು ತೆಗೆದವನು ಭಾವನೇ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಗೋಡೆ ಗಡಿಯಾರ ನೋಡುತ್ತ ನಿಂತರು. ಅಕ್ಕ ನೋಟುಗಳನ್ನು ಎಣಿಸದೆ ಡಬ್ಬಿಗೆ ಹಾಕಿ, ಊಟಕ್ಕೆ ಮೂರು ತಟ್ಟೆ ಇಟ್ಟಳು. ಊಟ ಅರ್ಧವಾದ ಮೇಲೆ ಭಾವ ಗಂಟಲು ಸರಿಮಾಡಿಕೊಂಡ. ಪ್ಯಾಂಟಿನ ಸೊಂಟ ಬಿಗಿಯಾಗಿದೆ, ಒಂದೆರಡು ಇಂಚು ಬಿಡಿಸಿಕೊಡಲಾದೀತೇ ಎಂದು ತನ್ನ ತಟ್ಟೆಯನ್ನು ಕೇಳಿದ.

“ಆಗುತ್ತೆ ಭಾವ,” ಎಂದ ದರ್ಜಿ. “ಕೂಲಿ ಮಾತ್ರ ಮುಂಗಡ. ಕಂತು ಗಿಂತು ನಾನು ಒಪ್ಪಲ್ಲ.”

ಭಾವನಿಗೆ ನಗು ತಡೆಯಲಾಗದೆ ತುತ್ತು ನೆತ್ತಿಗೇರಿತು. ಅಕ್ಕ ನೀರಿನ ಲೋಟವನ್ನು ಅವನ ಮುಂದೆ ಸರಿಸಿ, ಅಳತೆಯ ಟೇಪು ಹುಡುಕಲು ಒಳಗೆ ಹೋದಳು.