ಬಾಲ ಹೊರಗಿರಬೇಕು

ನೀರಿಗಿಳಿಯುವವನ ಮೈಮೇಲೆ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು ಎಂದು ಕಂಡಕಂಡವರ ಜೊತೆ ಜಗಳ ಕಾದವನು ನಾನು. ಮುರ್ಡೇಶ್ವರದ ಕಡೆ ಸಮುದ್ರದಲ್ಲಿ ಡೈವಿಂಗ್ ಮಾಡಿಸುವವರ ಹತ್ತಿರ ಆರು ವರ್ಷ ಸಲಕರಣೆ ರಿಪೇರಿ ಮಾಡಿದ್ದೇನೆ. ಶನಿವಾರ ಬಂದು ಭಾನುವಾರ ಹೋಗುವ ಜನಕ್ಕೆ ಅಲ್ಲಿ ತೊಡಿಸುತ್ತಿದ್ದ ಪಟ್ಟಿ, ಕೊಕ್ಕೆ, ನಳಿಗೆಗಳನ್ನು ನೋಡಿದರೆ ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತುಗಳ ನೆನಪಾಗುತ್ತಿತ್ತು. ಎತ್ತಿಗಾದರೂ ಓಡುವುದು ಗೊತ್ತು. ಇವರಿಗೆ ಯಾವುದನ್ನು ಎಳೆದರೆ ಏನು ಬಿಚ್ಚುತ್ತದೆ ಎಂಬುದೇ ಗೊತ್ತಿರುತ್ತಿರಲಿಲ್ಲ.

ದಾಂಡೇಲಿಗೆ ಮರಳಿ, ಮೌಳಂಗಿಯಿಂದ ಸ್ವಲ್ಪ ಮೇಲೆ ಕಾಳಿ ಹೊಳೆಯ ಒಂದು ಮಡುವಿನ ಹತ್ತಿರ ನನ್ನದೇ ಶೆಡ್ಡು ಹಾಕಿದಾಗ, ಬೇಡದ್ದನ್ನೆಲ್ಲ ಕಿತ್ತು ಹಾಕಿದೆ. ಮುಖಕ್ಕೆ ಮಾಸ್ಕು, ಬೆನ್ನಿಗೆ ಸಿಲಿಂಡರು, ಬಾಯಿಗೆ ಗಾಳಿಯ ನಳಿಗೆ, ಸೊಂಟಕ್ಕೆ ಸೀಸದ ಪಟ್ಟಿ. ಅಷ್ಟೇ.

ಈ ಸೀಸದ ಪಟ್ಟಿಯ ವಿಷಯ ಹೇಳಬೇಕು. ಮನುಷ್ಯನ ಮೈ ತೇಲುತ್ತದೆ, ಕೆಳಗಿಳಿಸಲು ಸೊಂಟಕ್ಕೆ ಸೀಸದ ತುಂಡು ಕಟ್ಟಬೇಕು. ಕೆಳಗೆ ಏನಾದರೂ ಎಡವಟ್ಟಾದರೆ ಮೊದಲು ಬಿಚ್ಚಿ ಬಿಡಬೇಕಾದದ್ದೂ ಅದನ್ನೇ. ಪಟ್ಟಿಗಿದ್ದ ಬಕಲ್ ಮರಳು ಹೊಕ್ಕು ಹಿಡಿದುಕೊಳ್ಳುತ್ತಿತ್ತು. ನಾನು ಬಕಲ್ ತೆಗೆದು ಹಗ್ಗ ಹಾಕಿದೆ. ಜಾರುಗಂಟು. ಅದರ ಒಂದು ತುದಿ ಬಾಲದ ಹಾಗೆ ಹೊರಗೆ ಜೋತಾಡುತ್ತಿರುತ್ತದೆ. ಆ ಬಾಲಕ್ಕೆ ಕೆಂಪು ಬಟ್ಟೆ ಸುತ್ತಿದೆ. ಅದನ್ನು ಒಮ್ಮೆ ಜಗ್ಗಿದರೆ ಪಟ್ಟಿ ತಳಕ್ಕೆ, ಮನುಷ್ಯ ಮೇಲಕ್ಕೆ. "ಕೆಂಪು ಜಗ್ರಿ, ಮ್ಯಾಲ ಬರ್ರಿ" ಎಂದು ಬಂದವರಿಗೆಲ್ಲ ಮೂರು ಸಲ ಹೇಳಿಸುತ್ತಿದ್ದೆ. ಇದಕ್ಕಿಂತ ಸರಳವಾದದ್ದು ಲೋಕದಲ್ಲಿ ಇಲ್ಲವೆಂದು ಎದೆ ಉಬ್ಬಿಸಿಕೊಂಡು ತಿರುಗಿದೆ.

ಜನರನ್ನು ನೀರಿಗಿಳಿಸುತ್ತಿದ್ದವನು ಈರೇಶ. ಸಾಂಬ್ರಾಣಿಯವನು, ಇಪ್ಪತ್ತಾರರ ಪ್ರಾಯ, ಒಕ್ಕಲುತನದ ಮನೆ. ಅವನು ಸಣ್ಣವನಿದ್ದಾಗಲೇ ತಂದೆ ತೀರಿಕೊಂಡು, ತಾಯಿ ಗುರುಬಸವ್ವ ಒಂದು ಜೋಡಿ ಎತ್ತು ಕಟ್ಟಿಕೊಂಡು ಹೊಲ ಮಾಡಿ ಅವನನ್ನು ಬೆಳೆಸಿದ್ದಳು. ನೀರಿನಲ್ಲಿ ಅವನಷ್ಟು ತಣ್ಣಗಿರುವ ಮನುಷ್ಯನನ್ನು ನಾನು ಸಮುದ್ರದಲ್ಲೂ ಕಂಡಿಲ್ಲ. ಅವನ ಮೇಲೆ ನನಗೆ ಜೀವ ಇತ್ತು. ಬದುಕಿದ್ದಾಗ ಅದನ್ನು ಹೇಳಲಿಲ್ಲ, ಬೈದದ್ದೇ ಹೆಚ್ಚು.

ಬೈಯಲು ಒಂದೇ ಕಾರಣ. ಗಂಟು ಹಾಕಿದ ಮೇಲೆ ಅವನ ಕೈ ತನ್ನಷ್ಟಕ್ಕೆ ಆ ಕೆಂಪು ಬಾಲವನ್ನು ಗಂಟಿನ ಕುಣಿಕೆಯೊಳಗೆ ತೂರಿಸಿಬಿಡುತ್ತಿತ್ತು. ಹಾಗೆ ತೂರಿಸಿದರೆ ಎಷ್ಟು ಜಗ್ಗಿದರೂ ಬಿಚ್ಚುವುದಿಲ್ಲ, ಇನ್ನಷ್ಟು ಬಿಗಿಯುತ್ತದೆ.

"ಏನಲೇ ಇದು?" ಎಂದು ಮೊದಲ ಸಲ ಕೇಳಿದಾಗ ನಕ್ಕಿದ್ದ.

"ಎತ್ತಿನ ಗಂಟ ಕಾಕಾ. ಬಾಲ ಹೊರಗ ಬಿಟ್ರ ಎತ್ತು ಬಾಯಿಲೆ ಜಗ್ಗಿ ಬಿಚ್ಕೋತಾವ. ನಾ ಸಣ್ಣವ ಇದ್ದಾಗ ನಮ್ಮವ್ವ ಬಡದು ಕಲಿಸ್ಯಾಳ."

"ನೀ ಎತ್ತಲ್ಲ. ಬಾಲ ಹೊರಗಿರ್ಲಿ."

"ಹೂಂ ಕಾಕಾ."

ಹೂಂ ಎನ್ನುತ್ತಿದ್ದ, ಹೊರಗೆ ತೆಗೆಯುತ್ತಿದ್ದ. ಬಂದವರಿಗೆ ಕಟ್ಟುವಾಗ ಒಮ್ಮೆಯೂ ತಪ್ಪುತ್ತಿರಲಿಲ್ಲ. ತನಗೆ ಕಟ್ಟಿಕೊಳ್ಳುವಾಗ ಮಾತ್ರ ವಾರಕ್ಕೊಮ್ಮೆ ಮರೆಯುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಚೇಷ್ಟೆ ಮಾಡುತ್ತಿದ್ದೆ.

ಆ ಭಾನುವಾರ ಬೆಳಗಾವಿಯಿಂದ ಬಂದ ಒಬ್ಬ ಹೆಣ್ಣುಮಗಳ ತಾಳಿಸರ ಮಡುವಿನಲ್ಲಿ ಕಳಚಿ ಬಿತ್ತು. ಅವಳು ದಂಡೆಯಲ್ಲಿ ಕೂತು ಅಳತೊಡಗಿದಳು. ಈರೇಶನಿಗೆ ಹೆಣ್ಣುಮಕ್ಕಳು ಅತ್ತರೆ ತಡೆಯುತ್ತಿರಲಿಲ್ಲ. ಉಳಿದದ್ದು ಒಂದೇ ಸಿಲಿಂಡರು, ಅದೂ ಅರ್ಧ ಮುಗಿದದ್ದು. ಹರಿವಿಗೆ ನಿಲ್ಲಬೇಕೆಂದು ಪಟ್ಟಿಗೆ ಇನ್ನೂ ನಾಲ್ಕು ತುಂಡು ಸೀಸ ಪೋಣಿಸಿಕೊಂಡ. ಗಂಟು ಹಾಕಿಕೊಂಡು ನೀರಿನತ್ತ ನಡೆದಾಗ ನಾನು ಚಹಾದ ಕಿಟ್ಲಿ ಹಿಡಿದು ನಿಂತಿದ್ದೆ. ಅವನ ಸೊಂಟದಲ್ಲಿ ಕೆಂಪು ಕಾಣಲಿಲ್ಲ.

ಕಾಣಲಿಲ್ಲ ಎನ್ನುವುದನ್ನು ನಾನು ಕಂಡೆ. ಅಳುವವರ ಮುಂದೆ ಅವನನ್ನು ಬೈಯುವುದು ಬೇಡ, ಮೇಲೆ ಬಂದಮೇಲೆ ಬೈದರಾಯಿತು ಎಂದುಕೊಂಡೆ.

ಅವನ ಉಸಿರಿನ ಗುಳ್ಳೆಗಳು ನಿಂತಾಗ ನಾನು ಹಾರಿದೆ. ಐವತ್ತೆಂಟರ ಎದೆಗೂಡು, ಬರೀ ಉಸಿರು ಕಟ್ಟಿ ಇಳಿದರೆ ಎಷ್ಟು ಆಳ ಹೋದೀತು? ಆಚೆ ದಂಡೆಯ ತೆಪ್ಪದವರು ಬಂದು ಅವನನ್ನು ಮೇಲೆ ತರುವಷ್ಟರಲ್ಲಿ ಮುಗಿದಿತ್ತು. ನಳಿಗೆ ಮುಳುಗಿದ ಮರದ ಬೇರಿಗೆ ಸಿಕ್ಕಿತ್ತು. ಸಿಲಿಂಡರನ್ನು ಅವನೇ ಕಳಚಿ ಬಿಟ್ಟಿದ್ದ. ಬುದ್ಧಿವಂತ, ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ. ಎರಡೂ ಕೈ ಮಾತ್ರ ಸೊಂಟದ ಗಂಟಿನ ಮೇಲಿದ್ದವು. ಬಲಗೈಯ ಎರಡು ಉಗುರು ಕಿತ್ತಿದ್ದವು. ತೆಪ್ಪದವರು ಪಟ್ಟಿಯನ್ನು ಬೆನ್ನಿನ ಕಡೆಯಿಂದ ಕುಡುಗೋಲಿನಲ್ಲಿ ಕೊಯ್ದರು. ಗಂಟು ಹಾಗೇ ಉಳಿಯಿತು.

ಈರೇಶನ ತಿಥಿಯ ಶಿವಗಣಾರಾಧನೆ ಮುಗಿದ ಮರುದಿನ ಗುರುಬಸವ್ವ ಹಳಿಯಾಳದ ಬಸ್ಸಿಳಿದು ಒಬ್ಬಳೇ ಶೆಡ್ಡಿಗೆ ಬಂದಳು. ಮಗನ ಅಂಗಿ, ಚಪ್ಪಲಿ, ಊಟದ ಡಬ್ಬಿ ಚೀಲಕ್ಕೆ ತುಂಬಿಕೊಟ್ಟೆ. ಅವಳು ಏಳಲಿಲ್ಲ.

"ತಮ್ಮಾ, ಒಂದ ಮಾತು. ಈಸು ಬರ್ತಿತ್ತು ಅವಂಗ. ಮ್ಯಾಲ ಯಾಕ ಬರ್ಲಿಲ್ಲ?"

"ಸೀಸದ ಪಟ್ಟಿ ಬಿಚ್ಚಲಿಲ್ರೀ ಅಕ್ಕಾ."

"ತೋರ್ಸು."

ಪೊಲೀಸರು ಹಿಂದಿರುಗಿಸಿದ್ದ ಪಟ್ಟಿಯನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದೆ. ತೆಗೆದು ಕೊಟ್ಟೆ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. ಒಳಗೆ ಹೋಗಿದ್ದ ಕೆಂಪು ಬಟ್ಟೆಯ ಹತ್ತಿರ ಬೆರಳು ನಿಂತಿತು.

"ಇದನ್ನ ಯಾರ ಕಟ್ಟಿದ್ದು?"

ತಾನೇ ಕಲಿಸಿದ ಗಂಟಿದು ಎಂದು ಅವಳಿಗೆ ಗೊತ್ತಾಗುತ್ತಿರುವುದು ನನಗೆ ತಿಳಿಯಿತು. ಮಗ ಹೋದ ದುಃಖದ ಜೊತೆ ಇದನ್ನೂ ಹೊತ್ತು ಈ ಹೆಂಗಸು ಹೇಗೆ ಬದುಕುತ್ತಾಳೆ? ಬಕಲ್ ಕಿತ್ತವನು ನಾನು. ಕಂಡೂ ಸುಮ್ಮನಿದ್ದವನು ನಾನು. ಮಾಡಿದ್ದುಣ್ಣೋ ಮಹಾರಾಯ ಎನ್ನುವಂತೆ, ಇದೂ ನನ್ನ ತಲೆಗೇ ಇರಲಿ.

"ನಾನ ಕಟ್ಟಿದ್ದು ಅಕ್ಕಾ. ನಂದ ತಪ್ಪು. ನನ್ನ ಬಡೀರಿ."

ಅವಳು ಬಡಿಯಲಿಲ್ಲ. ಬೈಯಲೂ ಇಲ್ಲ. ಗೋಡೆಗೆ ತೂಗುಹಾಕಿದ್ದ ಇನ್ನೊಂದು ಪಟ್ಟಿಯನ್ನು ತೆಗೆದು ನನ್ನ ಮುಂದಿಟ್ಟಳು. "ಕಟ್ಟು ನೋಡೂಣು."

ಬಾಲ ಒಳಗೆ, ಬಾಲ ಒಳಗೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಸುತ್ತಿದೆ, ಕುಣಿಕೆ ಮಾಡಿದೆ, ಬಿಗಿದೆ, ಅವಳ ಮುಂದೆ ಇಟ್ಟೆ. ಎಷ್ಟು ಸಾವಿರ ಸಲ ಕಟ್ಟಿದ ಕೈಯೋ, ನನ್ನ ಮಾತು ಕೇಳಲಿಲ್ಲ. ಕೆಂಪು ಬಾಲ ಹೊರಗೇ ಜೋತಾಡುತ್ತಿತ್ತು.

ಗುರುಬಸವ್ವ ಅದನ್ನು ನೋಡಿ, "ಸುಳ್ಳು ಹೇಳಾಕ ಬರೂದಿಲ್ಲ ತಮ್ಮಾ ನಿನಗ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಚೀಲವನ್ನು ಬಗಲಿಗೆ ಹಾಕಿಕೊಂಡು ಎದ್ದಳು. ನೆಲದ ಮೇಲಿನ ಪಟ್ಟಿಯನ್ನು ಗೋಡೆಗೆ ತೂಗುಹಾಕಲೆಂದು ಎತ್ತಿಕೊಂಡಳು. ಎತ್ತಿಕೊಂಡಾಗ ಅವಳ ಎರಡು ಬೆರಳು, ಕೊಟ್ಟಿಗೆಯಲ್ಲಿ ನಲವತ್ತು ವರ್ಷ ಮಾಡಿದ ಹಾಗೆ, ಹೊರಗಿದ್ದ ಬಾಲವನ್ನು ಕುಣಿಕೆಯೊಳಗೆ ತೂರಿಸಿ ಬಿಗಿದವು.

ಆಮೇಲೆ ತನ್ನ ಕೈ ಏನು ಮಾಡಿತೆಂದು ನೋಡಿದಳು.