ಮೇ ತಿಂಗಳಲ್ಲಿ ಕ್ಲಬ್ ಇರಲ್ಲ

ಮೊದಲು ಸುಮಿತ್ರಾಗೆ ಒಂದು ಮಾತು. ನಿನ್ನ ಮಗಳು ಸ್ಕೂಲಿನ ಸೇವಾ ಕ್ಲಬ್ ಸೇರಿದಳು ಅಂತ ಗ್ರೂಪಿಗೆ ಫೋಟೋ ಹಾಕಿದೆ, ಸಂತೋಷ. ಹಿಂದೆ ಕಾಣುವ ಮರ ಬೇವಿನದು, ಅದನ್ನು ಬದುಕಿಸಿದವಳು ಗಗನಾ ಅಂತ ನಾನು ಹೇಳಿದೆ. ಅದಕ್ಕೆ ನೀನು "ಅಂಕಲ್, ಅಲ್ಲಿ ಚೀಫ್ ಗೆಸ್ಟ್ ನೆಟ್ಟಿದ್ದು ಅಶೋಕ, ನಿಮಗೆ ಮರೆವು" ಅಂತ ಬರೆದೆಯಲ್ಲಮ್ಮ, ಆ ಗಿಡ ನೆಟ್ಟ ಕಾಲಕ್ಕೆ ನೀನು ಹೊಸದಾಗಿ ಮದುವೆಯಾಗಿ ದೆಹಲಿಗೆ ಬಂದವಳು. ತರಕಾರಿಯವನನ್ನು ಭಯ್ಯಾ ಅನ್ನಬೇಕೋ ಅಂಕಲ್ ಅನ್ನಬೇಕೋ ತಿಳಿಯದೆ ಗಾಡಿಯ ಮುಂದೆ ಬೆರಳು ತೋರಿಸುತ್ತ ನಿಲ್ಲುತ್ತಿದ್ದೆ. ನನಗೆ ವಯಸ್ಸಾಗಿರುವುದು ಮಂಡಿಗೆ, ನೆನಪಿಗಲ್ಲ. ಅವಳ ಮಾತಿಗೆ ಹೆಬ್ಬೆರಳು ಒತ್ತಿದವರಿಗೂ ಇದೇ ಮಾತು. ಅಶೋಕವೂ ಇತ್ತು, ಬೇವೂ ಇತ್ತು. ಜಗಳ ಹುಟ್ಟಿದ್ದೇ ಅಲ್ಲಿ. ಸುಮ್ಮನೆ ಕೇಳಿ.

ಎರಡು ಸಾವಿರದ ಐದನೇ ಇಸವಿ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಮೇಲಿನ ಮನೆ ಚಂದ್ರಮೋಹನನದು. ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಹೆಂಡತಿ ದೇವಕಿ, ಒಬ್ಬಳೇ ಮಗಳು ಗಗನಾ, ಒಂಬತ್ತನೇ ಕ್ಲಾಸು. ಸ್ಕೂಲಿನ ಹೆಸರು ಬೇಡ, ಟೈ ಬೆಲ್ಟಿನ ದೊಡ್ಡ ಸ್ಕೂಲು ಅಂದರೆ ಸಾಕು. ಒಂಬತ್ತಕ್ಕೆ ಬಂದವರು ಸೇವಾ ಕ್ಲಬ್ ಸೇರಬಹುದಿತ್ತು. ಗಗನಾಗೆ ಅದರ ಮೇಲೆ ವಿಪರೀತ ಆಸೆ. ಕೈಯಾರೆ ಏನಾದರೂ ಮಾಡಬೇಕು, ಮಾಡಿದ್ದು ಕಣ್ಣೆದುರು ನಿಲ್ಲಬೇಕು ಅನ್ನುವ ಹುಡುಗಿ ಅವಳು.

ಸೇರಿಸಿಕೊಳ್ಳಲು ಇಂಟರ್‌ವ್ಯೂ. ಲೈಬ್ರರಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದವಳು ಹನ್ನೊಂದನೇ ಕ್ಲಾಸಿನ ಅದಿತಿ, ಕ್ಲಬ್ಬಿನ ಕಾರ್ಯದರ್ಶಿ. ಪಕ್ಕದಲ್ಲಿ ಉಸ್ತುವಾರಿಯ ಕಕ್ಕರ್ ಮೇಡಂ. ಅವರೆಲ್ಲ ಆಡಿದ್ದು ಹಿಂದಿ, ಇಂಗ್ಲಿಷು. ನಾನು ಕನ್ನಡದಲ್ಲಿ ಹೇಳುತ್ತೇನೆ.

"ನಿನ್ನಲ್ಲಿ ಲೀಡರ್‌ಶಿಪ್ ಏನಿದೆ?" ಅದಿತಿ ಕೇಳಿದಳು.

"ಮನೇಲಿ ಬೆಳಿಗ್ಗೆ ನೀರು ಬಂದಾಗ ನಾನೇ ಎಲ್ಲಾ ಡ್ರಮ್ ತುಂಬಿಸ್ತೀನಿ."

ಅದಿತಿ ನಗು ತಡೆಯಲು ಪೆನ್ನು ಕಚ್ಚಿದಳು. ಕಕ್ಕರ್ ಮೇಡಂ ಮಾತ್ರ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎತ್ತರ ಇದ್ದಾಳೆ. ಬ್ಯಾನರ್ ಹಿಡಿಯೋಕೆ ಆಗ್ತಾಳೆ" ಅಂದರು. ಹಾಗೆ ಆಯ್ಕೆ ಆಯಿತು.

ಬ್ಯಾನರ್ ಅಂದರೆ ಬ್ಯಾನರೇ. ರಕ್ತದಾನದ ಮೆರವಣಿಗೆಯಲ್ಲಿ ಎಡಗಡೆ ಕೋಲು ಗಗನಾಳದು, ವೃದ್ಧಾಶ್ರಮದಲ್ಲಿ ಬಾಳೆಹಣ್ಣು ಹಂಚಿದಾಗಲೂ ಎಡಗಡೆ ಕೋಲು. ಹಣ್ಣು ಕೊಡುತ್ತೇನೆ ಅಂದರೆ, "ನೀನು ಬಿಟ್ಟರೆ ಬ್ಯಾನರ್ ಬೀಳತ್ತೆ" ಅನ್ನುವರು. ಆ ವರ್ಷದ ಯಾವ ಫೋಟೋ ತೆಗೆದರೂ ಅಂಚಿನಲ್ಲಿ ಇವಳ ಬೆರಳು ಮಾತ್ರ ಇರುತ್ತಿತ್ತು.

ಒಂದೇ ಒಂದು ಸಲ ಕೈಗೆ ಮಣ್ಣು ಸಿಕ್ಕಿತು. ಸೇರಿದ ಹೊಸದರಲ್ಲಿ, ಜುಲೈನಲ್ಲಿ, ವೃಕ್ಷಾರೋಪಣ. ಸ್ಕೂಲಿನ ಮುಂದಿನ ಕಬ್ಬಿಣದ ಗ್ರಿಲ್ಲಿನ ಒಳಗಡೆ ಸಾಲಾಗಿ ಗುಂಡಿಗಳು. ಉಳಿದ ಜಾಗವೆಲ್ಲ ಬಸ್ಸು ನಿಲ್ಲುವ ಕಾಂಕ್ರೀಟು. ಗಗನಾಗೆ ಬಂದದ್ದು ಗೇಟಿನ ಪಕ್ಕದ ಗುಂಡಿ, ಒಂದು ಬೇವಿನ ಸಸಿ. ಖುರ್ಪಿ, ಅದೇ ಕೈಗುದ್ದಲಿ, ಹಾಕಿದರೆ ಮಣ್ಣು ಬೆಣ್ಣೆಯಂತೆ ಬಿಟ್ಟುಕೊಂಡಿತು. ಕೈ ಹಾಕಿದರೆ ಒಳಗೆ ಒಣಗಿದ ಕಡ್ಡಿ, ಅದಕ್ಕೆ ಬಣ್ಣದ ರಿಬ್ಬನ್ನು.

"ಇದೇನು ದೀದಿ?"

"ಹೋದ ವರ್ಷದ್ದು," ಅಂದಳು ಅದಿತಿ. "ಎಸೆದುಬಿಡು. ಪ್ರತಿ ವರ್ಷ ಇದರಲ್ಲೇ ನೆಡೋದು. ಹೊಸದಾಗಿ ಅಗೆಯೋ ಕೆಲಸ ಇರಲ್ಲ."

ಗಗನಾ ರಿಬ್ಬನ್ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಈ ಗಿಡಕ್ಕೆ ಆ ಗತಿ ಬರಬಾರದು ಅಂತ ಅವತ್ತೇ ಹಟ ಹಿಡಿದಳು. ದಿನಾ ತನ್ನ ಕುಡಿಯುವ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ಅದಕ್ಕೆ ಸುರಿದು ಬಸ್ಸು ಹತ್ತುತ್ತಿದ್ದಳು. ದೀಪಾವಳಿ ಹೊತ್ತಿಗೆ ಸಾಲಿನ ಬೇರೆ ಗಿಡಗಳೆಲ್ಲ ಕಡ್ಡಿ. ಬೇವು ಚಳಿಗಾಲ ದಾಟಿತು, ಹೋಳಿ ಹಬ್ಬದ ಹೊತ್ತಿಗೆ ಚಿಗುರಿತು. ಆಮೇಲೆ ಮೇ ಬಂತು.

ದೆಹಲಿಯ ಮೇ ತಿಂಗಳು ನಿಮಗೆ ನಾನು ಹೇಳಬೇಕಾಗಿಲ್ಲ. ಲೂ ಅನ್ನುವ ಬಿಸಿಗಾಳಿ ಬೀಸಿದರೆ ಒಣಗಲು ಹಾಕಿದ ಟವೆಲ್ಲು ಹಪ್ಪಳವಾಗುತ್ತದೆ. ಸ್ಕೂಲಿಗೆ ರಜೆ, ಕ್ವಾರ್ಟರ್ಸಿಗೆ ನೀರಿಲ್ಲ. ದೇವಕಿಯ ಮನೆಯಲ್ಲಿ ಒಂದು ಪದ್ಧತಿ, ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವಂಥದ್ದೇ. ಅಕ್ಕಿ ತೊಳೆದ ಅಕ್ಕಚ್ಚು ಚೆಲ್ಲುವಂತಿಲ್ಲ, ಬಾಲ್ಕನಿಯ ಕರಿಬೇವಿಗೆ ಹಾಕಬೇಕು. ಆ ಕರಿಬೇವು ಮೈಸೂರಿನಿಂದ ರೈಲಿನಲ್ಲಿ ತೊಡೆಯ ಮೇಲೆ ಕೂತು ಬಂದದ್ದು. ಒಂದು ಬೆಳಿಗ್ಗೆ ದೇವಕಿ ನೋಡುತ್ತಾಳೆ, ಕರಿಬೇವು ಬಾಡಿದೆ, ಮಗಳು ಅಕ್ಕಚ್ಚನ್ನು ದೊಡ್ಡ ಕೋಲ್ಡ್ ಡ್ರಿಂಕ್ ಬಾಟಲಿಗೆ ತುಂಬಿಸುತ್ತಿದ್ದಾಳೆ.

"ಎಲ್ಲಿಗೆ ಹೊರಟಿತು ಸವಾರಿ?"

"ಅಮ್ಮ, ಸ್ಕೂಲ್ ವಾಲಾ ನೀಮ್‌ಗೆ. ಅಲ್ಲಿ ಬೇವಿಗೆ ಕೋಯಿ ನೀರು ಹಾಕಲ್ಲ."

"ನನ್ನ ಕರಿಬೇವು ಸಾಯ್ತಾ ಇದೆ. ಊರೋರ ಗಿಡಕ್ಕೆ ನೀನು ನೀರು ಹೊರ್ತಿದೀಯ. ಆ ಸ್ಕೂಲಿನೋರು ಕಟ್ಟಿಸ್ಕೊಳೋ ಫೀಸಿಗೆ ಒಂದು ಬಕೆಟ್ ನೀರಿಲ್ವಾ?"

"ಛುಟ್ಟಿ ಅಮ್ಮ. ಮಾಲೀನೂ ಊರಿಗೆ ಹೋದ."

"ಅಚ್ಛಾ. ಮಾಲಿ ಊರಿಗೆ ಹೋದ, ಮೇಡಂ ಬೆಟ್ಟಕ್ಕೆ ಹೋದರು, ನೀನೊಬ್ಬಳು ಸಿಕ್ಕಿದೆ." ಇಷ್ಟು ಬೈದು ಬಾಟಲಿಯ ಮುಚ್ಚಳವನ್ನು ತಾನೇ ಬಿಗಿ ಮಾಡಿ ಕೊಟ್ಟಳು.

ಸ್ಕೂಲಿನ ಚೌಕೀದಾರ ಒಳಗೆ ಬಿಡಲಿಲ್ಲ. ರಜೆಯಲ್ಲಿ ಮಕ್ಕಳು ಬರುವಂತಿಲ್ಲ, ಆರ್ಡರ್. ಕ್ಲಬ್ ಬ್ಯಾಡ್ಜ್ ತೋರಿಸಿದರೆ, ಯೂನಿಫಾರ್ಮ್ ಎಲ್ಲಿ ಅಂದ. ಯೂನಿಫಾರ್ಮ್ ಹಾಕಿಕೊಂಡು ಹೋದರೆ, ರಜೆಯಲ್ಲಿ ಯೂನಿಫಾರ್ಮ್ ಯಾಕೆ ಅಂದ. ಕೊನೆಗೆ ಗಗನಾ ಹೊರಗಿನ ಫುಟ್‌ಪಾತಿನಲ್ಲಿ ಕೂತು ಗ್ರಿಲ್ಲಿನ ಸಂದಿಯಲ್ಲಿ ಭುಜದ ತನಕ ತೋಳು ತೂರಿಸಿ, ಬಾಟಲಿ ವಾಲಿಸಿ ನೀರು ಬಿಡುವುದು ಕಲಿತಳು. ಹೋಗುವವರು ಏನೋ ಕದಿಯುತ್ತಿದ್ದಾಳೆ ಅಂತ ನಿಂತು ನೋಡುವರು. ಕಾದ ಕಬ್ಬಿಣ ತಾಗಿ ತೋಳಿನ ಮೇಲೆ ಕೆಂಪು ಗೆರೆ ಬಿತ್ತು. ರಜೆಯುದ್ದಕ್ಕೂ ಆ ಗೆರೆ ಆರಲಿಲ್ಲ, ಗಿಡವೂ ಒಣಗಲಿಲ್ಲ.

ಜುಲೈನಲ್ಲಿ ಸ್ಕೂಲು ತೆರೆದಾಗ ಬೇವು ಅವಳ ಸೊಂಟಕ್ಕೆ ಬಂದಿತ್ತು. ಗಗನಾ ಕಕ್ಕರ್ ಮೇಡಂ ಅವರ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ಮೇಡಂ ಗಿಡ ನೋಡಿ ಹಣೆ ಒತ್ತಿಕೊಂಡರು.

"ಬೇಟಾ, ಈ ಸಲ ಇದು ಚೀಫ್ ಗೆಸ್ಟ್ ಗುಂಡಿ."

"ಮ್ಯಾಮ್, ಇದು ಬದುಕಿದೆ."

"ಅದೇ ತೊಂದರೆ. ಗಿಡ ಇರೋ ಕಡೆ ಗಿಡ ಹೇಗೆ ನೆಡಿಸಲಿ? ಗೇಟಿನ ಹತ್ತಿರ ಇದೊಂದೇ, ಬ್ಯಾನರ್ ಕಾಣೋದು ಇಲ್ಲೇ."

"ಅವರು ಇದಕ್ಕೇ ನೀರು ಹಾಕಲಿ ಮ್ಯಾಮ್."

"ನೀರು ಹಾಕೋದು ಕಾರ್ಯಕ್ರಮ ಅಲ್ಲ. ಕಾರ್ಡಿನಲ್ಲಿ ವೃಕ್ಷಾರೋಪಣ ಅಂತ ಪ್ರಿಂಟ್ ಆಗಿದೆ."

ಈಗ ಅಧ್ಯಕ್ಷೆಯಾಗಿದ್ದ ಅದಿತಿಗೆ ಹೇಳಿದರೆ, ಅವಳು ಭುಜ ಹಾರಿಸಿದಳು. "ಮಾಲಿ ನಾಳಿದ್ದು ತೆಗೀತಾನೆ. ಒಂದು ಗಿಡಕ್ಕೆ ಇಷ್ಟು ಡ್ರಾಮಾ ಯಾಕೆ? ನಿನಗೆ ಬೇರೆ ಕೊಡಿಸ್ತೀನಿ."

ಅವತ್ತು ಮನೆಗೆ ಬಂದು ಗಗನಾ ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ. ಚಂದ್ರಮೋಹನ ಎಲ್ಲ ಕೇಳಿ, ಸಾರು ಸುರಿದು, ಕಛೇರಿಯಲ್ಲಿ ಕಗ್ಗಂಟಿನ ಫೈಲು ಬಿಡಿಸುವವನ ಹಾಗೆ ಗಂಟಲು ಸರಿಮಾಡಿಕೊಂಡ.

"ಸುಲಭ ಇದೆಯಲ್ಲ. ಅದನ್ನೇ ಬೇರು ಸಮೇತ ಎಬ್ಬಿಸಿ ಇಟ್ಕೊಳ್ಳಿ, ಅವರ ಕೈಲಿ ಅದನ್ನೇ ಅಲ್ಲೇ ನೆಡಿಸಿ. ಅವರಿಗೆ ಕಾರ್ಯಕ್ರಮ ಆಯ್ತು, ನಿನಗೆ ಗಿಡ ಉಳೀತು. ಯಾರಿಗೂ ಆಕ್ಷೇಪಣೆ ಇಲ್ಲ."

"ಚೆನ್ನಾಗಿ ಬೇರು ಬಿಟ್ಟಿದ್ದನ್ನ ಕಿತ್ತು, ಅದೇ ಗುಂಡೀಲಿ ಮತ್ತೆ ಹೂಳೋದಾ?" ಅಂದಳು ದೇವಕಿ. "ಸಚಿವಾಲಯದಲ್ಲಿ ಇದನ್ನೇ ಮಾಡ್ತೀರಾ ಎಲ್ಲಾ?"

ಆದರೂ ಬೇರೆ ದಾರಿ ಇರಲಿಲ್ಲ. ಗಗನಾ ಹೋಗಿ ಹೇಳಿದಳು. ಕಕ್ಕರ್ ಮೇಡಂ ಮುಖ ಅರಳಿತು. "ವೆರಿ ಗುಡ್. ಪಕ್ಕಾ, ಇದನ್ನೇ ನೆಡಿಸ್ತೀವಿ."

ಹಿಂದಿನ ಸಂಜೆ ಮಾಲಿಯನ್ನು ಮುಟ್ಟಗೊಡದೆ ತಾನೇ ಸುತ್ತಲೂ ಅಗೆದಳು. ಬೇರು ಅವಳು ಎಣಿಸಿದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಒಂದು ಕಡೆ ಲಟ್ ಅಂತ ಸದ್ದಾಯಿತು. ಆ ಸದ್ದು ಈಗಲೂ ಕೇಳಿಸುತ್ತದೆ ಅನ್ನುತ್ತಾಳೆ ಅವಳು. ಮಣ್ಣಿನ ಮುದ್ದೆ ಸಮೇತ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಿನಲ್ಲಿಟ್ಟು ಬಂದಳು.

ಮರುದಿನ ಚೀಫ್ ಗೆಸ್ಟ್ ಬಂದರು. ಎಷ್ಟು ತಡ ಅಂತ ಕೇಳಬೇಡಿ, ಸ್ವಾಗತಗೀತೆಯ ಹುಡುಗಿಯರು ಕಾಲು ಬದಲಾಯಿಸಿ ಬದಲಾಯಿಸಿ ನಿಂತಿದ್ದರು. ಅವರ ಕಾರಿನ ಹಿಂದೆ ಇನ್ನೊಂದು ಗಾಡಿ. ಅದರಿಂದ ಇಳಿದದ್ದು ಅವರ ಆಫೀಸಿನವರು ನರ್ಸರಿಯಿಂದ ತಂದ ಅಶೋಕದ ಸಸಿ, ಆಳೆತ್ತರದ್ದು, ರಿಬ್ಬನ್ ಕಟ್ಟಿದ್ದು. ಸುಮಿತ್ರಾ, ನಿನ್ನ ಅಶೋಕ ಬಂದದ್ದು ಹಾಗೆ.

ಗಗನಾ ಗೋಣಿ ಹೊತ್ತುಕೊಂಡು ಓಡಿದಳು. "ಮ್ಯಾಮ್, ನಮ್ಮದು ಇದು."

"ಈಗಲ್ಲ ಬೇಟಾ, ಈಗಲ್ಲ. ಅವರೇ ತಂದಿದ್ದಾರೆ, ಬೇಡ ಅನ್ನೋಕಾಗತ್ತಾ? ಹೋಗು, ಬ್ಯಾನರ್ ಹಿಡಿ."

ಅವಳು ಹೋಗಲಿಲ್ಲ. ನೇರ ಚೀಫ್ ಗೆಸ್ಟ್ ಮುಂದೆ ನಿಂತು, "ಸರ್, ಆ ಗುಂಡಿಯಲ್ಲಿ ಇದಿತ್ತು. ಬದುಕಿತ್ತು. ನೀವು ನೆಡಲಿ ಅಂತಲೇ ತೆಗೆದೆ" ಅಂದಳು. ಆ ಮನುಷ್ಯ ಒಳ್ಳೆಯವನೇ ಇರಬೇಕು. ಮುಗುಳ್ನಕ್ಕು ಅವಳ ತಲೆ ಸವರಿ, "ವಾಹ್, ಎರಡೆರಡು ಗಿಡ. ಶಾಬಾಶ್" ಅಂದು ಫೋಟೋದವನ ಕಡೆ ತಿರುಗಿದ. ಅಶೋಕ ಗುಂಡಿಗೆ ಇಳಿಯಿತು. ಎಡಗಡೆ ಕೋಲು ಹಿಡಿಯುವವರಿಲ್ಲದೆ ಬ್ಯಾನರ್ ಒಂದು ಪಕ್ಕ ಜೋತುಬಿತ್ತು. ಅದಿತಿ ಹಲ್ಲು ಕಚ್ಚಿಕೊಂಡು ಬಂದು ಹಿಡಿದಳು.

ಸಮಾರಂಭ ಮುಗಿದ ಮೇಲೆ ಕ್ಲಬ್ಬಿನ ಮೀಟಿಂಗು, ಸಮೋಸ. ಫೋಟೋದ ಹೊತ್ತಿಗೆ ಜಾಗ ಬಿಟ್ಟದ್ದಕ್ಕೆ ಗಗನಾಗೆ ಆ ವರ್ಷದ ಸರ್ಟಿಫಿಕೇಟ್ ಇಲ್ಲ ಅಂತ ಅದಿತಿ ಸಾರಿದಳು. ಗಗನಾ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದಳು.

"ಮ್ಯಾಮ್, ಅಶೋಕಕ್ಕೆ ಮೇ ತಿಂಗಳಲ್ಲಿ ಯಾರು ನೀರು ಹಾಕ್ತಾರೆ?"

ಕಕ್ಕರ್ ಮೇಡಂಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮೇ ತಿಂಗಳಲ್ಲಿ ಕ್ಲಬ್ ಇರಲ್ಲ ಬೇಟಾ. ಜುಲೈನಲ್ಲಿ ಹೊಸದು ನೆಡ್ತೀವಲ್ಲ."

ಗಗನಾ ಬ್ಯಾಡ್ಜ್ ಬಿಚ್ಚಿ ಸಮೋಸದ ತಟ್ಟೆಯ ಪಕ್ಕ ಇಟ್ಟು ಹೊರಗೆ ಬಂದಳು, ಕಂಕುಳಲ್ಲಿ ಗೋಣಿ. ಗೇಟಿನ ಬಳಿ ದೇವಕಿ ಕಾಯುತ್ತಿದ್ದಳು. ಗಿಡದ ಎಲೆಗಳು ಆಗಲೇ ಜೋತುಬಿದ್ದಿದ್ದವು. ಮಗಳ ಮುಖ ನೋಡಿದಳು, ಗೋಣಿ ನೋಡಿದಳು, ಅದನ್ನು ತಾನೇ ಇಸಿದುಕೊಂಡಳು. ಕ್ವಾರ್ಟರ್ಸಿನಲ್ಲಿ ನೆಡೋಣವೆಂದರೆ ಅಂಗಳಕ್ಕೆ ಸಿಮೆಂಟು. ಮೇ ತಿಂಗಳಿಡೀ ಗಗನಾ ಕೂತು ನೀರು ಹಾಕಿದ ಜಾಗ ಎದುರಿಗೇ ಇತ್ತು, ಗ್ರಿಲ್ಲಿನ ಹೊರಗೆ, ಫುಟ್‌ಪಾತಿನ ಕಲ್ಲು ಕಿತ್ತುಹೋದ ಕಡೆ. ಅಲ್ಲಿ ಛೋಲೆ ಕುಲ್ಚೆಯವನ ಗಾಡಿ.

"ಭಯ್ಯಾ, ಥೋಡಾ ಸರಕೋ," ಅಂದಳು ದೇವಕಿ, ಗಾಡಿ ಸ್ವಲ್ಪ ಸರಿಸು ಅಂತ ಕೈ ಮಾಡುತ್ತ.

"ಇದು ನನ್ನ ಜಾಗ, ಆಂಟೀಜಿ."

"ಬೆಳೆದ ಮೇಲೆ ನೆರಳು ನಿನಗೇ ಕಣಪ್ಪ."

"ಬೆಳೆಯೋ ತನಕ ನಾನು ರಸ್ತೆ ಮೇಲೆ ನಿಲ್ಲಲಾ? ಬಸ್ಸು ಹತ್ತಿಸಿಕೊಂಡು ಹೋಗತ್ತೆ."

ವಾದ ಬೆಳೆಯಿತು. ದೇವಕಿಯ ಹಿಂದಿ ಮುಗಿದು ಕನ್ನಡ ಶುರುವಾದಾಗ ಅವನು ಹೆದರಿ ಗಾಡಿಯನ್ನು ಎರಡಡಿ ಸರಿಸಿದ. ತಾಯಿ ಮಗಳು ಸೇರಿ ಗುಂಡಿ ತೋಡಿ ನೆಟ್ಟರು. ವಾರದೊಳಗೆ ಎಲೆಯೆಲ್ಲ ಉದುರಿತು. ಗಗನಾ ಸ್ಕೂಲಿನ ಗೇಟಿನಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು, ನೋಡಲು ಧೈರ್ಯವಿಲ್ಲ. ದೇವಕಿಯೇ ಅಕ್ಕಚ್ಚು ತಂದು ಹಾಕಿದಳು. ಮಳೆ ಹಿಡಿದ ಮೇಲೆ ಒಂದು ದಿನ ಕುಲ್ಚೆಯವನೇ ಗಗನಾಳನ್ನು ಕೂಗಿ ಕರೆದು, ಬುಡದಲ್ಲಿ ಒಡೆದ ಕೆಂಪು ಚಿಗುರು ತೋರಿಸಿದ.

ಬಾಲ್ಕನಿಯ ಕರಿಬೇವು ಉಳಿಯಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ದೇವಕಿಯನ್ನು ಬಿಟ್ಟು.

ಅಶೋಕ ಮುಂದಿನ ಮೇ ತಿಂಗಳಲ್ಲಿ ಒಣಗಿತು, ಜುಲೈನಲ್ಲಿ ಅದೇ ಗುಂಡಿಯಲ್ಲಿ ಇನ್ನೊಂದು ನೆಟ್ಟರು. ಈಗಲೂ ನೆಡುತ್ತಾರೆ. ಗ್ರಿಲ್ಲಿನ ಹೊರಗಿನ ಬೇವು ಒಳಕ್ಕೆ ಕೊಂಬೆ ಚಾಚಿ, ಆ ಸಾಲಿನ ಕಡ್ಡಿಗಳ ಮೇಲೆಲ್ಲ ನೆರಳು ಹಾಕಿ ನಿಂತಿದೆ. ಸ್ಕೂಲಿನ ಪತ್ರಿಕೆಯಲ್ಲಿ ಪ್ರತಿ ವರ್ಷ ಅದರ ಫೋಟೋ ಬರುತ್ತದೆ, ಕೆಳಗೆ 'ನಮ್ಮ ಸೇವಾ ಕ್ಲಬ್ಬಿನ ಕೊಡುಗೆ' ಅಂತ. ಅದನ್ನು ನೋಡಿದಾಗಲೆಲ್ಲ ನನಗೆ ಪಿತ್ತ ಕೆರಳುತ್ತದೆ. ಗಗನಾ ಈಗ ಗುರುಗ್ರಾಮದಲ್ಲಿ ಕೆಲಸದಲ್ಲಿದ್ದಾಳೆ. ಅವಳು ಬೈಯುವುದೂ ಇಲ್ಲ, ನಗುವುದೂ ಇಲ್ಲ, "ಛೋಡಿಯೇ ಅಂಕಲ್" ಅನ್ನುತ್ತಾಳೆ. ನಾನು ಬಿಡುವುದಿಲ್ಲ.

ಸುಮಿತ್ರಾ, ಇದನ್ನು ನಿನ್ನ ಮಗಳಿಗೆ ಕೇಳಿಸು. ಅವಳು ತನ್ನ ಕ್ಲಬ್ಬಿನವರಿಗೆ ಕಳಿಸಲಿ, ಕನ್ನಡ ತಿಳಿಯದವರಿಗೆ ಹಿಂದಿಯಲ್ಲಿ ಹೇಳಲಿ, ಉದ್ದವಾಯಿತು ಅಂದರೆ ನನ್ನ ಬೈಗುಳ ತೆಗೆದುಹಾಕಲಿ. ಅದು ಬೇವು ಅನ್ನುವುದನ್ನೂ, ಗಗನಾಳ ಹೆಸರನ್ನೂ ಮಾತ್ರ ಯಾರೂ ಬದಲಾಯಿಸಬೇಡಿ.