ತಲುಪಿತು ಎಂದ ಹಸಿರು ದೀಪ

ಇಂಥ ಒಣ ಸಂಗತಿಯನ್ನು ಕಥೆಯೆಂದು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ — ಮೀಟಿಂಗ್ ಮೇಜಿನ ಮೇಲೆ ಚಹಾ ಲೋಟದ ಉಂಗುರ, ಅದರಂಚಿನಲ್ಲಿ ಒಂದು ಇರುವೆ ಸುತ್ತುತ್ತಿದೆ, ಅವಳು ಅದನ್ನೇ ನೋಡುತ್ತಿದ್ದಾಳೆ, ತಲೆಯೆತ್ತಿದರೆ ಬೆಣ್ಣೆಬಾಯಿಯ ಮುಖ ಕಾಣಬೇಕು, ಎಲ್ಲರೂ ಮ್ಯಾನೇಜರನಿಗೆ ಇಟ್ಟ ಹೆಸರು ಅದು, ಇವನೀಗ ಲಿಫ್ಟಿನ ಸಾಫ್ಟ್‌ವೇರಿನಲ್ಲಿ ಕೆಳಗಿನ ಪದರವೇ ಸುಳ್ಳು ಹೇಳಿತು ಎನ್ನುತ್ತಿದ್ದಾನೆ, ಆ ಪದರ ಬರೆದ ಗಡ್ಡದವನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದಾನೆ, ಲಿಫ್ಟಿನಲ್ಲಿ ಸಿಕ್ಕಿಕೊಂಡ ಹೆಂಗಸು ತುರ್ತು ಗುಂಡಿ ಒತ್ತಿದಳು, ತಲುಪಿತು ಎಂದು ಹಸಿರು ದೀಪ ಹತ್ತಿತು, ರಜಾದಿನವಿಡೀ ಯಾರೂ ಬರಲಿಲ್ಲ, ಈಗ ಆಸ್ಪತ್ರೆಯಲ್ಲಿದ್ದಾಳೆ, ದೀಪದ ಕೆಳಗೆ ಆ ಬೆರಳು, ಥೂ — ಕೆಳಗಿನ ಪದರದ ಕೆಲಸ ಸಂದೇಶವನ್ನು ಕಾವಲುಕೋಣೆಯ ಪೆಟ್ಟಿಗೆಗೆ ಮುಟ್ಟಿಸುವುದು, ಅಷ್ಟೇ, ಅಲ್ಲಿ ಕಾವಲುಗಾರ ಇದ್ದಾನೋ ಇಲ್ಲವೋ ಅದಕ್ಕೇನು ಗೊತ್ತು, ಅವನು ನೋಡಿ ಹೂಂ ಎಂದ ಮೇಲೆಯೇ ದೀಪ ಹತ್ತಿಸುವುದು ಮೇಲಿನ ಪದರದ ಕೆಲಸ, ಆ ಮೇಲಿನ ಪದರ ಅವಳೇ ಬರೆದದ್ದು, ಅಂಚೆಯವನು ಕಾಗದ ಹಾಕಿಹೋದ ಮಾತ್ರಕ್ಕೆ ಮನೆಯವರು ಓದಿದಂತಾಯಿತೇ, ಅವಳು ಓದಿದ ಸಂಜೆ ಕಾಲೇಜಿನಲ್ಲಿ ಮೊದಲು ಕಲಿಸಿದ್ದೇ ಇದು, ಹೇಳಿದಾಗ ಬೆಣ್ಣೆಬಾಯಿ ನಕ್ಕಿದ್ದ, ಊಟ ಆಯ್ತಾ ಊಟ ಆಯ್ತಾ ಅಂತ ಎರಡೆರಡು ಸಲ ಕೇಳೋ ಅತ್ತೆ ಥರ ಇದೆ ಮೇಡಂ ನಿಮ್ಮ ಪದರ, ಕೆಳಗಿನ ಪದರ ಹೂಂ ಅಂದ್ರೆ ಸಾಲ್ದಾ, ದೀಪ ಬೇಗ ಹತ್ತುತ್ತೆ, ಗಿರಾಕಿಗೆ ಖುಷಿ, ಬೇಡ ಸರ್ ಎಂದು ಅವಳು ಎಷ್ಟು ಹೇಳಿದರೂ ಕಾವಲುಗಾರನನ್ನು ಕೇಳುವ ಆ ಭಾಗ ಕಿತ್ತುಹಾಕಿಸಿದ, ತಾನು ಇನ್ನಷ್ಟು ಚೆನ್ನಾಗಿ ವಿವರಿಸಬೇಕಿತ್ತೇನೋ, ಹಗಲು ಕಾಲೇಜಿನಲ್ಲಿ ಓದಿದವಳಾಗಿದ್ದರೆ ಕೇಳುತ್ತಿದ್ದನೇನೋ, ಏನಿಲ್ಲ, ಇವನು ಯಾರ ಮಾತೂ ಕೇಳುವವನಲ್ಲ, ಬೆಳಿಗ್ಗೆ ಗಂಡ ಅಂದದ್ದು, ಊರ ಉಸಾಬರಿ ನಿನಗ್ಯಾಕೆ, ಮೊದಲು ಕೆಲಸ ಉಳಿಸ್ಕೋ, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಯಾವ ಕೆಲಸ ಉಳಿಸಿಕೊಳ್ಳುವುದು — ಬೆಣ್ಣೆಬಾಯಿ ಈಗ ಅವಳತ್ತ ತಿರುಗಿದ, ಮೇಡಂ, ವಿನ್ಯಾಸ ನಿಮ್ದೇ ಅಲ್ವಾ, ತಪ್ಪು ಕೆಳಗಿನ ಪದರದ್ದು ಅಂತ ಒಂದ್ಮಾತು ಹೇಳ್ಬಿಡಿ, ಮುಗೀತು, ಗಡ್ಡದವನು ಅವಳತ್ತ ನೋಡಲೂ ಇಲ್ಲ, ಅವನ ಕಿವಿ ಮಾತ್ರ ಕೆಂಪಗಾಗಿತ್ತು, ಅವಳ ಬಾಯಿಂದ ಮಾತು ಹೊರಬಿತ್ತು, ಅದು ಸುಳ್ಳು ಹೇಳಿಲ್ಲ ಸರ್, ಪೆಟ್ಟಿಗೆಗೆ ಮುಟ್ಟಿಸ್ತು, ಮುಟ್ಟಿಸ್ದೆ ಅಂತು, ಕಾವಲುಗಾರನನ್ನ ಕೇಳೋದು ಬೇಡ ಅಂದಿದ್ದು ನೀವು. ಸ್ವಲ್ಪ ಆಚೆ ಇರಿ ಮೇಡಂ ಎಂದ ಬೆಣ್ಣೆಬಾಯಿ, ದನಿಯಲ್ಲಿ ಬೆಣ್ಣೆ ಇರಲಿಲ್ಲ, ಅವಳೀಗ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದಾಳೆ, ಕೆಲಸ ಹೋದರೆ ಹೋಗಲಿ, ಹಾಳಾಗಲಿ, ಆದರೆ ದೀಪ ಹತ್ತಿದ ಮೇಲೆ ಗುಂಡಿ ಒತ್ತಿದ್ದು ಎಲ್ಲಿಯೂ ದಾಖಲಾಗುವುದಿಲ್ಲ, ಆಮೇಲೆ ಅದು ಸತ್ತ ಗುಂಡಿ, ಆ ಹೆಂಗಸು ದೀಪ ನಂಬಿ ಸುಮ್ಮನೆ ಕೂತಳೋ, ಒತ್ತುತ್ತಲೇ ಇದ್ದಳೋ, ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಹಸಿರು ಬೆಳಕು, ಅದರ ಕೆಳಗೆ ಆ ಬೆರಳು